ಕ್ಯೋಟೋದ ತಿಳಿಸಾರು

ಕ್ಯೋಟೋದ ಹಳೇ ಪೇಟೆ ಎಂದರೆ ನನಗೆ ಮೊದಲು ನೆನಪಾಗುವುದು ಕಾಲುನೋವು. ಆಕ್ಲೆಂಡಿನ ಆಸ್ಪತ್ರೆಯಲ್ಲಿ ವಾರವೆಲ್ಲ ನಿಂತೇ ಕೆಲಸ ಮಾಡುವ ನರ್ಸು ನಾನು. ರಜೆ ಸಿಕ್ಕಾಗ ತೆಪ್ಪಗೆ ಹಿಲ್ಸ್‌ಬರೋ ಬಡಾವಣೆಯ ನಮ್ಮ ಮನೆಯಲ್ಲಿ ಮಲಗಬೇಕಿತ್ತು. ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ ಬುದ್ಧನ ಗುಡಿಗಳನ್ನು ನೋಡುವ ಆಸೆ. ಗಂಡನಿಗೆ ರಜೆಯಿಲ್ಲ. ಸರಿ, ನಾವಿಬ್ಬರೇ ಹೊರಟೆವು.

ಕಲ್ಲುಮೆಟ್ಟಿಲಿನ ಬೀದಿ, ಎರಡೂ ಕಡೆ ಮರದ ಅಂಗಡಿಗಳು, ಬೀಸಣಿಗೆ, ಪಿಂಗಾಣಿ ಬಟ್ಟಲು, ಹಸಿರು ಚಹಾದ ಐಸ್‌ಕ್ರೀಮು. ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ಮೈಸೂರಿನಲ್ಲಿ ಹುಟ್ಟಿ ಎಪ್ಪತ್ತೆರಡು ವರ್ಷ ಮೊಟ್ಟೆಯನ್ನೂ ಮುಟ್ಟದ ಅತ್ತೆಗೆ ಅಲ್ಲಿ ಊಟ ಹುಡುಕುವುದಿದೆಯಲ್ಲ, ಅಯ್ಯೋ, ಶತ್ರುವಿಗೂ ಬೇಡ. ಐದನೇ ಹೋಟೆಲಿನಲ್ಲಿ "ಮಾಂಸ ಇಲ್ಲ ತಾನೇ? ಮೀನು ಇಲ್ಲ ತಾನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಬಡಿಸುವ ಹೆಂಗಸು ನಗುತ್ತಾ ತಲೆಯಾಡಿಸಿದಳು. ಬಂದ ಬಟ್ಟಲಿನಲ್ಲಿ ದಪ್ಪ ಶ್ಯಾವಿಗೆ, ತಿಳಿಸಾರು, ಮೇಲೆ ಒಂದಿಷ್ಟು ಸೊಪ್ಪು, ಅಷ್ಟೇ. ಅತ್ತೆ ಬಟ್ಟಲೆತ್ತಿ ಕೊನೆಯ ಹನಿಯವರೆಗೂ ಕುಡಿದರು.

ಮರುದಿನ ಸಂತೆಬೀದಿಯಲ್ಲಿ ಮುದುಕನೊಬ್ಬ ಕೊರಡಿನಂಥದ್ದೇನನ್ನೋ ಹೆರೆಯುತ್ತಾ ಕೂತಿದ್ದ. ಅತ್ತೆ ಒಂದು ಚಕ್ಕೆ ಎತ್ತಿ ಮೂಸಿದರು.

"ಥೇಟ್ ಗಂಧದ ಚಕ್ಕೆ ಥರಾನೇ ಇದೆ. ನೋಡೇ, ನಿನ್ನೆ ಸಾರಿನ ಘಮ ಇದೇ ಕಣೇ! ಏನಿದು?"

ಮುದುಕನ ಹಿಂದಿದ್ದ ಬೋರ್ಡಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಣಮೀನು ಎಂದು ಬರೆದಿತ್ತು. ಹೇಳಿದರೆ ಇನ್ನು ಮೂರು ದಿನ ಊಟಕ್ಕಾಗಿ ಬೀದಿ ಬೀದಿ ಅಲೆಯಬೇಕು. ನನ್ನ ಕೈಲಾಗುತ್ತಿರಲಿಲ್ಲ.

"ಯಾವ್ದೋ ಸಮುದ್ರದ ಸೊಪ್ಪಂತೆ ಅತ್ತೆ," ಎಂದೆ.

ಮನೆಯಲ್ಲೂ ಆ ಸಾರು ಮಾಡೋಣವೆಂದು ಅವರು ಒಂದು ಪೊಟ್ಟಣ ಕೊಂಡು ತಮ್ಮ ಚೀಲಕ್ಕೇ ಹಾಕಿಕೊಂಡರು. ಮೂರು ದಿನವೂ ಅವರಿಗೆ ಅದೇ ಸಾರು ಉಣ್ಣಿಸಿದೆ. ಮನೆ ಸೇರಿದ ಮೇಲೆ ಪೊಟ್ಟಣವನ್ನು ಮೆಲ್ಲಗೆ ಕಸಕ್ಕೆ ಹಾಕಿದರಾಯಿತು ಎಂದುಕೊಂಡಿದ್ದೆ.

ಆಕ್ಲೆಂಡ್ ವಿಮಾನನಿಲ್ದಾಣದಲ್ಲಿ ತಿನ್ನುವ ವಸ್ತು ಏನಿದ್ದರೂ ಬಾಯಿಬಿಟ್ಟು ಹೇಳಲೇಬೇಕು, ಮುಚ್ಚಿಟ್ಟರೆ ದಂಡ. ತಪಾಸಣೆಯವಳು ಅತ್ತೆಯ ಚೀಲದಿಂದ ಪೊಟ್ಟಣ ತೆಗೆದು ಇದೇನೆಂದು ನನ್ನನ್ನು ಕೇಳಿದಳು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅವಳ ಮುಂದೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

"ಡ್ರೈ ಫಿಶ್," ಎಂದೆ.

ಅವಳು ಪರೀಕ್ಷಿಸಿ, ತೊಂದರೆಯಿಲ್ಲ ಎಂದು ಪೊಟ್ಟಣವನ್ನು ಅತ್ತೆಯತ್ತ ಚಾಚಿದಳು. ಅತ್ತೆ ಕೈ ನೀಡಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಕೇಳಿದರು, "ನಿಂಗೆ ಯಾವಾಗ ಗೊತ್ತಾಯ್ತು?"

"ಆ ಅಂಗಡೀಲೇ. ತುಂಬಾ ಸುಸ್ತಾಗಿತ್ತು ಅತ್ತೆ. ತಪ್ಪಾಯ್ತು."

"ಒಂದ್ ಮಾತು ಹೇಳಿದ್ರೆ ಉಪವಾಸ ಇರ್ತಿದ್ದೆ ಕಣಮ್ಮ. ದಂಡ ಹಾಕೋರಿಗೆ ಮಾತ್ರ ನಿಜ ಹೇಳ್ತೀಯ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಈಗಲೂ ನಾನು ಡ್ಯೂಟಿಗೆ ಹೊರಡುವಾಗ ಬಿಸಿಬಿಸಿ ಅಡುಗೆ ಮಾಡಿ ಡಬ್ಬಿಗೆ ತುಂಬಿ ಕೈಗೆ ಕೊಡುತ್ತಾರೆ. ನಾನು ಮಾಡಿದ್ದನ್ನು ಮಾತ್ರ ಮುಟ್ಟುವುದಿಲ್ಲ.