ಅಮ್ಮಮ್ಮ ಹೇಳಿದ ನರಕ

ಇವತ್ತು ಇಸಳೂರಿನ ಅಂಗಡಿಯಲ್ಲಿ ಬಜ್ಜಿ ಕರಿಯುವ ವಾಸನೆಗೆ ಹುಲೇಕಲ್ಲಿನ ಅಮ್ಮಮ್ಮ ನೆನಪಾದಳು. ಕುಡಿದವರನ್ನು ಯಮ ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುತ್ತಾನೆ ಎಂದು ಹಪ್ಪಳ ಕರಿಯುತ್ತಲೇ ನಮ್ಮನ್ನು ಹೆದರಿಸುತ್ತಿದ್ದಳು.

"ಕೆಟ್ಟವ್ರನ್ನ ಮಾಡಿದ್ದೂ ದೇವ್ರೇ ಅಲ್ದಾ?" ಎಂದರೆ, "ಸುಮ್ನಿರು ಕೂಸೆ" ಎಂದು ಕೈಗೊಂದು ಹಪ್ಪಳ ಕೊಡುತ್ತಿದ್ದಳು.

ಅವಳ ಒಬ್ಬನೇ ಮಗ, ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಸೋದರಮಾವ, ಕುಡಿತದಿಂದಲೇ ತೀರಿಕೊಂಡ. ನೆಂಟರೆಲ್ಲ ಹೋದ ಮೇಲೆ ಕೇಳಿಯೇಬಿಟ್ಟೆ: "ಅಮ್ಮಮ್ಮ, ಮಾವ ಈಗ ಕೊಪ್ಪರಿಗೆಲಿ ಇದ್ನಾ?"

ಅವಳು ನನ್ನನ್ನು ಮಡಿಲಿಗೆ ಎಳೆದುಕೊಂಡಳು. "ಇಲ್ಲೆ ಮಗಾ. ನರಕ ಎಂತದೂ ಇಲ್ಲೆ. ಆನು ಸುಮ್ನೆ ಹೆದ್ರಸಲೆ ಹೇಳಿದ್ದು."

ನರಕವೇ ಇಲ್ಲ ಎಂದ ಆ ದಿನದ ಮೇಲೆ ಅವಳು ಯಾರಿಗೂ ಆ ಕಥೆ ಹೇಳಲಿಲ್ಲ.

ಕೆಟ್ಟದ್ದು ಎಲ್ಲಿಂದ ಬಂತೆಂದು ನನಗೆ ಇನ್ನೂ ಗೊತ್ತಿಲ್ಲ. ಆದರೆ ನರಕ ಇದೆಯಾ ಎಂದು ಮಗಳು ಕೇಳಿದರೆ, ಇಲ್ಲ ಎನ್ನಲು ನಾನು ಹಿಂದೆಮುಂದೆ ನೋಡುವುದಿಲ್ಲ.