ತಾಯಿ ಕಡೆಯವರು

ಮೂವತ್ತೊಂದು ವರ್ಷ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ತಿಂದವಳು ನಾನು. ಪೂರ್ವಜರನ್ನು ಹುಡುಕಿಕೊಂಡು ಬರುವವರನ್ನು ನನ್ನಷ್ಟು ನೋಡಿದವರು ಕಡಿಮೆ. ಮುತ್ತಜ್ಜನ ಮೇಲೆ ಪ್ರೀತಿ ಉಕ್ಕಿ ಬಂದವರೆಲ್ಲ ಕೊನೆಗೆ ಕೇಳುತ್ತಿದ್ದದ್ದು ಒಂದೇ, ಹೊಲದ ಪಹಣಿ ಉತಾರದಲ್ಲಿ ಅವನ ಹೆಸರು ಇದೆಯೋ ಇಲ್ಲವೋ ಅಂತ. ಬೈಪಾಸ್ ಅಗಲ ಮಾಡುತ್ತಾರಂತೆ, ಹೊಲಕ್ಕೆ ಪರಿಹಾರ ಬರುತ್ತದಂತೆ ಎಂಬ ಸುದ್ದಿ ಹಬ್ಬಿದ ವಾರ, ಸತ್ತ ಅಜ್ಜಂದಿರೆಲ್ಲ ಎದ್ದು ಬಂದು ನನ್ನ ಟೇಬಲ್ಲಿನ ಮುಂದೆ ಪಾಳಿ ಹಚ್ಚಿದ್ದರು. ವಂಶಾವಳಿ ಅಂದರೆ ನನಗೆ ಈಗಲೂ ಸೀನು ಬರುತ್ತದೆ.

ಹಾಗಾಗಿ ಹಿಂದಿನ ಓಣಿಯ ದ್ರಾಕ್ಷಾಯಿಣಿ ಬಂದು, "ಅಕ್ಕಾರ, ನಮ್ಮವ್ವನ ಕಡಿಯವರನ್ನ ಹುಡುಕಬೇಕಾಗೇತ್ರಿ" ಅಂದಾಗ ನಾನು ಮುಖ ಸಿಂಡರಿಸಿದೆ. ಎಷ್ಟು ಎಕರೆ ಅಂತ ಕೇಳಿಯೂ ಬಿಟ್ಟೆ.

"ಎಕರೆ ಅಲ್ಲರಿ, ನಮ್ಮವ್ವ ಎದರಿಂದ ಸತ್ತಳು ಅನ್ನೂದು ಗೊತ್ತಾಗಬೇಕ್ರಿ" ಅಂದಳು.

ದ್ರಾಕ್ಷಾಯಿಣಿಗೆ ಐವತ್ತೆರಡು. ಇಪ್ಪತ್ತು ವರ್ಷದಿಂದ ಎರಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವಳು. ಬೆಳಗಿನ ಹೊತ್ತು ಅವಳ ಮನೆಯ ಟಪಟಪ ಕೇಳಿಸದಿದ್ದರೆ ಓಣಿಗೆ ಹೊತ್ತು ಏರಿದ್ದೇ ತಿಳಿಯುತ್ತಿರಲಿಲ್ಲ. ಗಂಡ ಮಡಿವಾಳಪ್ಪ ಗೂಡ್ಸ್ ಆಟೋ ಓಡಿಸುತ್ತಾನೆ, ಮಾತು ಕಡಿಮೆ. ಒಬ್ಬಳೇ ಮಗಳು ಉಮಾಶ್ರೀ, ಇಪ್ಪತ್ನಾಲ್ಕು, ಅರಿವೆ ಅಂಗಡಿಯಲ್ಲಿ ಬಿಲ್ ಮಾಡುತ್ತಾಳೆ. ಹೋದ ವರ್ಷ ದ್ರಾಕ್ಷಾಯಿಣಿ ಒಂದು ತಿಂಗಳು ಕಾಣಲಿಲ್ಲ. ಗರ್ಭಚೀಲದ ಆಪರೇಶನ್ ಅಂತ ಓಣಿಗೆಲ್ಲ ಹೇಳಿದ್ದರು. ನಾನೂ ನಂಬಿದ್ದೆ. ಆ ದಿನ ನನ್ನ ಮನೆಯ ಪಡಸಾಲೆಯಲ್ಲಿ ಕೂತು, ಬಾಗಿಲ ಕಡೆ ಒಮ್ಮೆ ನೋಡಿ, ಆಕೆ ಸೆರಗಿನ ಮೇಲೆಯೇ ಎಡ ಎದೆಯ ಮೇಲೆ ಕೈ ಇಟ್ಟುಕೊಂಡಳು. ಅಲ್ಲಿ ಸೆರಗು ಚಪ್ಪಟೆ ಇತ್ತು.

"ತಗದಾರ್ರಿ" ಅಂದಳು. "ಗಂಟಾಗಿತ್ತು."

ಡಾಕ್ಟರು ಕೇಳಿದ್ದರಂತೆ, ತಾಯಿ ಕಡೆ ಯಾರಿಗಾದರೂ ಇತ್ತೇ? ಇದ್ದರೆ ಮಗಳಿಗೂ ಈಗಿಂದಲೇ ತಪಾಸಣೆ ಮಾಡಿಸಬೇಕು. ಉಮಾಶ್ರೀ ಸುತಾರಾಂ ಒಪ್ಪುತ್ತಿಲ್ಲ. "ಆಯಿಗೆ ಇತ್ತಂತ ಖಾತ್ರಿ ಆದ್ರ ಬರತೇನಿ, ಇಲ್ಲಂದ್ರ ಸುಮ್ಮನ ನನ್ನ ಹೆದರಸಬ್ಯಾಡ" ಅಂದುಬಿಟ್ಟಿದ್ದಾಳೆ. ಆದರೆ ಆ ಆಯಿ, ಅಂದರೆ ದ್ರಾಕ್ಷಾಯಿಣಿಯ ತಾಯಿ ಶಿವಬಸವ್ವ, ತೀರಿಕೊಂಡಾಗ ಇವಳಿಗೆ ಒಂಬತ್ತು ವರ್ಷ. ತಂದೆ ಆರು ತಿಂಗಳಲ್ಲಿ ಎರಡನೇ ಮದುವೆ ಮಾಡಿಕೊಂಡ, ಮೊದಲ ಹೆಂಡತಿಯ ತವರಿನವರು ಸಿಟ್ಟಿಗೆದ್ದು ಹೊಸ್ತಿಲು ತುಳಿಯುವುದನ್ನು ಬಿಟ್ಟರು. ತಾಯಿಯ ಊರು ಉಪ್ಪಿನಬೆಟಗೇರಿ ಅನ್ನುವುದೊಂದು ಬಿಟ್ಟರೆ ಇವಳಿಗೆ ಏನೂ ಗೊತ್ತಿಲ್ಲ.

ನನಗೆ ನಾಚಿಕೆಯಾಯಿತು. ಎಕರೆ ಕೇಳಿದ ಬಾಯಿಗೆ ಮಣ್ಣು ಹಾಕಿಕೊಳ್ಳಬೇಕು ಅನಿಸಿತು. ನಾನು ಹುಡುಕಿಕೊಡುತ್ತೇನೆ ಅಂತ ಮಾತು ಕೊಟ್ಟೆ.

ಮೊದಲು ಆಕೆಯ ಹುಟ್ಟೂರು ಸುಳ್ಳಕ್ಕೆ ಹೋದೆವು. ಅಲ್ಲಿ ಮಲತಮ್ಮ ರಾಜಶೇಖರ ಇದ್ದಾನೆ. ಒಳ್ಳೆಯ ಮನುಷ್ಯ, ಉಪ್ಪಿಟ್ಟು ಮಾಡಿಸಿದ. ಗೋಡೆಯ ಮೇಲೆ ಕಟ್ಟು ಹಾಕಿಸಿದ ವಂಶಾವಳಿಯನ್ನೂ ಹೆಮ್ಮೆಯಿಂದ ತೋರಿಸಿದ. ಸುಗ್ಗಿಯಲ್ಲಿ ಬರುವ ಹೆಳವರು ಹೊತ್ತಿಗೆ ಬಿಚ್ಚಿ ಮನೆತನದ ಹೆಸರುಗಳನ್ನು ಓದಿ ಹೇಳಿ ಜೋಳ ಒಯ್ಯುತ್ತಾರಲ್ಲ, ಅವರಿಂದ ಬರೆಸಿಕೊಂಡದ್ದು. ಒಂಬತ್ತು ತಲೆಮಾರಿನ ಗಂಡಸರು ಸಾಲಾಗಿ ಇದ್ದರು. ಹುಟ್ಟಿ ನಾಲ್ಕು ದಿನಕ್ಕೆ ಸತ್ತ ಗಂಡುಕೂಸಿನ ಹೆಸರೂ ಇತ್ತು. ದ್ರಾಕ್ಷಾಯಿಣಿ ಬಹಳ ಹೊತ್ತು ನೋಡಿದಳು.

"ನಮ್ಮವ್ವ ಎಲ್ಲಿ?" ಅಂದಳು.

"ಹೆಣ್ಣಮಕ್ಕಳ ಹೆಸರು ಬರಿಯೂದಿಲ್ಲಕ್ಕಾ. ನಮ್ಮವ್ವಂದೂ ಇಲ್ಲ ನೋಡು" ಅಂತ ರಾಜಶೇಖರ ಸಮಾಧಾನ ಹೇಳಿದ. ಶಿವಬಸವ್ವ ಯಾವುದರಿಂದ ಹೋದಳೆಂದು ಕೇಳಿದರೆ ಅವನಿಗೆ ಗೊತ್ತಿದ್ದದ್ದು ಒಂದೇ, ಹೊಟ್ಟಿ ಬ್ಯಾನಿ.

ಸರಿ, ನನ್ನ ವಿದ್ಯೆ ಇದೆಯಲ್ಲ ಅಂದುಕೊಂಡೆ. ನನ್ನ ಜಾಗದಲ್ಲಿ ಈಗ ಕೂರುವ ಮುಜಾಫರನಿಗೆ ಹೇಳಿ ಸುಳ್ಳದ ಮರಣ ರಿಜಿಸ್ಟರ್ ತೆಗೆಸಿದೆ. ಸಾವಿರದ ಒಂಬೈನೂರ ಎಂಬತ್ತೊಂದನೆಯ ಇಸವಿ. ಶಿವಬಸವ್ವ, ಮೂವತ್ತೊಂದು ವರ್ಷ, ಮರಣದ ಕಾರಣ: ಹೊಟ್ಟೆ ಬೇನೆ. ಅದೇ ಪುಟದಲ್ಲಿ ಗಂಡಸರು ಥರಾವರಿ ಸತ್ತಿದ್ದರು. ಒಬ್ಬನಿಗೆ ಹಾವು, ಒಬ್ಬನಿಗೆ ಎತ್ತು ಹಾಯ್ದದ್ದು, ಒಬ್ಬನಿಗೆ ಕ್ಷಯ. ಹೆಂಗಸರಿಗೆ ಮಾತ್ರ ಒಂದೋ ಹೆರಿಗೆ, ಇಲ್ಲವೋ ಹೊಟ್ಟೆ ಬೇನೆ. ಮನೆಯವರು ಹೇಳಿದ್ದನ್ನು ಬರೆದವ ಬರೆದಿದ್ದ, ಬರೆದದ್ದನ್ನು ನಾನು ಮೂವತ್ತೊಂದು ವರ್ಷ ಕಾಯ್ದಿಟ್ಟಿದ್ದೆ. ಒಮ್ಮೆಯೂ ಇಷ್ಟೊಂದು ಹೊಟ್ಟೆ ಯಾಕೆ ನೋಯುತ್ತಿತ್ತು ಅಂತ ಕೇಳಿರಲಿಲ್ಲ.

ಉಳಿದದ್ದು ಉಪ್ಪಿನಬೆಟಗೇರಿ. ಒಂದು ಬುಧವಾರ ಧಾರವಾಡಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆವು. ಆಪರೇಶನ್ ಆದ ಮೇಲೆ ದ್ರಾಕ್ಷಾಯಿಣಿಯ ಎಡಗೈ ಬಾತುಕೊಳ್ಳುತ್ತದೆ. ಅದನ್ನು ಬಸ್ಸಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಒಂದೇ ಕೈಯಲ್ಲಿ ಎಷ್ಟು ರೊಟ್ಟಿ ಬಡಿದಾಳು? ಒಂದು ಖಾನಾವಳಿಯವರು ಬೇರೆಯವರನ್ನು ಹಚ್ಚಿಕೊಂಡಿದ್ದರು. ಅದನ್ನೂ ಆಕೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದಳು. ದಣಿದವರ ಮಾತಿನಲ್ಲಿ ದೂರು ಇರುವುದಿಲ್ಲ, ಅದು ನನಗೆ ಇನ್ನೂ ಸಂಕಟ.

ಊರಿನಲ್ಲಿ ಮಧ್ಯಾಹ್ನದವರೆಗೆ ಅಲೆದೆವು. ದೊಡ್ಡ ಊರು. ಗುಡಿಯ ಕಟ್ಟೆಯ ಹಿರಿಯರನ್ನು ಕೇಳಿದೆವು, ಕಿರಾಣಿ ಅಂಗಡಿಯಲ್ಲಿ ಕೇಳಿದೆವು, ಹಿಟ್ಟಿನ ಗಿರಣಿಯಲ್ಲಿ ಕೇಳಿದೆವು. ಶಿವಬಸವ್ವ ಅನ್ನುವ ಮಗಳು ಯಾರ ಮನೆಗೂ ಇರಲಿಲ್ಲ. ಇದ್ದ ಒಬ್ಬ ಶಿವಬಸವ್ವ ಹೊಲದಿಂದ ಬುಟ್ಟಿ ಹೊತ್ತು ಗಟ್ಟಿಮುಟ್ಟಾಗಿ ನಮ್ಮ ಮುಂದೆಯೇ ಬಂದಳು. ಕಟ್ಟೆಯ ಒಬ್ಬ ಹಿರಿಯರಂತೂ, "ನದೀಮೂಲ, ಋಷಿಮೂಲ, ಸ್ತ್ರೀಮೂಲ ಹುಡುಕಬಾರದವಾ" ಅಂತ ನಮಗೇ ಬುದ್ಧಿ ಹೇಳಿದರು. ಹುಡುಕಿದರೆ ಏನು ಸಿಗುತ್ತದೆ ಅಂತ ಹೆದರಿಕೆ ನಿಮಗೆ ಅನ್ನುವುದು ನಾಲಗೆ ತುದಿಗೆ ಬಂದಿತ್ತು. ಬಿಸಿಲು ಹೆಚ್ಚಾಗಿತ್ತು, ಬಿಟ್ಟೆ.

ನೀರು ಕೇಳಿಕೊಂಡು ಒಂದು ಮನೆಯ ಕಟ್ಟೆಗೆ ಕೂತೆವು. ಅದು ಮೌಲಾಬಿಯ ಮನೆ. ಎಂಬತ್ತರ ಆಸುಪಾಸಿನ ಮುದುಕಿ. ಒಂದು ಕಾಲಕ್ಕೆ ಊರಿನ ಮದುವೆಗಳಲ್ಲಿ ಮದುಮಗಳಿಗೆ ಬಳೆ ಇಡಿಸುತ್ತಿದ್ದವಳು. ನಮ್ಮ ಕಥೆ ಕೇಳಿ ನನ್ನನ್ನೇ ದಿಟ್ಟಿಸಿದಳು.

"ಶಿವಬಸವ್ವ ಅಂತ ಯಾರಿಟ್ಟ ಹೆಸರು? ಗಂಡನ ಮನ್ಯಾಗ ಇಟ್ಟದ್ದಲ್ಲೇನು? ಆ ಹೆಸರು ಹಿಡದು ತವರಮನ್ಯಾಗ ಹುಡುಕಿದ್ರ ಹೆಂಗ ಸಿಗತಾಳವಾ?"

ದೀಪದ ಬುಡಕ್ಕೆ ಕತ್ತಲು ಅಂದರೆ ಇದು. ನಮ್ಮ ಕಡೆ ಮದುವೆಯ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆದು ಹೆಣ್ಣಿನ ಹಳೆಯ ಹೆಸರನ್ನು ಒರೆಸಿಬಿಡುತ್ತಾರೆ. ಅದು ನನಗೆ ಗೊತ್ತಿಲ್ಲದ್ದೇ? ಹದಿನೆಂಟು ವರ್ಷ ನಾನು ದ್ಯಾಮವ್ವ ಆಗಿದ್ದವಳು. ಗಂಡನ ಮನೆಯವರಿಗೆ ಅದು ಹಳ್ಳಿಯ ಹೆಸರು ಅನಿಸಿ ಇಂದುಮತಿ ಅಂತ ಇಟ್ಟರು. ಅಫಿಡವಿಟ್ ಮಾಡಿಸಿ ಅದೇ ಹೆಸರಿನಲ್ಲಿ ನೌಕರಿ ಮಾಡಿದೆ, ಅದೇ ಹೆಸರಿನಲ್ಲಿ ಪಿಂಚಣಿ ತಿನ್ನುತ್ತೇನೆ. ನನ್ನನ್ನು ನಾನೇ ಮರೆತವಳು ಇನ್ನೊಬ್ಬರ ತಾಯಿಯನ್ನು ಹುಡುಕಲು ಹೊರಟಿದ್ದೆ.

"ಹೆಸರು ಬಿಡು, ಯಾವ ಊರಿಗೆ ಕೊಟ್ಟಿದ್ರು, ಅದನ್ನ ಹೇಳು" ಅಂದಳು ಮೌಲಾಬಿ.

"ಸುಳ್ಳಕ್ಕರಿ."

ಮುದುಕಿ ಕಣ್ಣು ಮುಚ್ಚಿದಳು. "ಸುಳ್ಳಕ್ಕ ಕೊಟ್ಟಿದ್ದು ಉಳವವ್ವನ್ನ. ಕೈ ಭಾಳ ಸಣ್ಣೂವು, ಕೂಸಿನ ಬಳಿ ಹಿಡೀತಿದ್ವು. ಅಕಿ ತಂಗಿ ಫಕೀರವ್ವನ್ನ ಇದ ಊರಾಗ ಕೊಟ್ಟಾರ. ಗಿರಣಿ ಹಿಂದಿನ ಮನಿ, ಹೋಗ್ರಿ."

ನಾವು ಹಿಟ್ಟಿನ ಗಿರಣಿಯಲ್ಲಿ ಕೇಳಿ ತಿರುಗಿ ಬಂದಿದ್ದೆವು. ಅದರ ಹಿಂದಿನ ಮನೆ. ದ್ರಾಕ್ಷಾಯಿಣಿ ಉಳವವ್ವ, ಉಳವವ್ವ ಅಂತ ಎರಡು ಸಲ ಅಂದುಕೊಂಡಳು. ತಾಯಿಯ ಹೆಸರನ್ನು ಐವತ್ತೆರಡನೆಯ ವಯಸ್ಸಿಗೆ ಮೊದಲ ಸಲ ಕೇಳಿದ್ದಳು.

ಫಕೀರವ್ವ ಎಪ್ಪತ್ತರ ಹೆಂಗಸು. ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದವಳು ದ್ರಾಕ್ಷಾಯಿಣಿಯನ್ನು ನೋಡಿ ಮೊರ ಕೆಳಗಿಟ್ಟಳು. ಯಾರು ಅಂತ ಕೇಳಲೇ ಇಲ್ಲ. ಅಕ್ಕನ ಮುಖವೇ ಇವಳಿಗೆ ಬಂದಿತ್ತೋ ಏನೋ. ತಬ್ಬಿಕೊಂಡು ಅತ್ತಳು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಮೊಮ್ಮಗಳು ಸುಮಲತಾ, ಇಪ್ಪತ್ತೆರಡರ ಚೂಟಿ ಹುಡುಗಿ, ಚಹಾ ಮಾಡಲು ಅಡುಗೆಮನೆಗೆ ಹೋದಳು. ಬರುವ ಸೋಮವಾರ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರಂತೆ. ಒಳ್ಳೆಯ ಮನೆತನ ಅಂತ ಫಕೀರವ್ವ ಎರಡು ಮೂರು ಸಲ ಹೇಳಿದಳು.

ದ್ರಾಕ್ಷಾಯಿಣಿ ಸುತ್ತಿ ಬಳಸಲಿಲ್ಲ. "ಚಿಗವ್ವ, ನಮ್ಮವ್ವ ಎದರಿಂದ ಸತ್ತಳು?"

"ಹೊಟ್ಟಿ ಬ್ಯಾನಿ."

"ಖರೇ ಹೇಳು. ನನಗ ಎದಿ ಗಂಟಾಗಿ ತಗಸೇನಿ. ಮಗಳು ಅದಾಳ ನನಗ."

ಫಕೀರವ್ವ ನಮ್ಮಿಬ್ಬರನ್ನೂ ಒಳಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಕಾಳಿನ ಚೀಲಗಳ ಮೇಲೆ ಕೂತೆವು. ಅವಳ ದನಿ ಸಣ್ಣಗಾಯಿತು.

"ಮೊದಲ ನಮ್ಮವ್ವಗ ಆಗಿತ್ತು. ಹುಣ್ಣಾಗಿ ಒಡದು ವಾಸನಿ ಬರತಿತ್ತು. ಆವಾಗ ನಮ್ಮಿಬ್ಬರದೂ ಮದಿವಿ ಆಗಿರಲಿಲ್ಲ. ಗೊತ್ತಾದ್ರ ಯಾರು ಮಾಡಿಕೊತಾರ? ಅಪ್ಪ ಹೊಟ್ಟಿ ಬ್ಯಾನಿ ಅಂತ ಹೇಳಿದ. ನಿಮ್ಮವ್ವಗ ಬಂದಾಗ ಹೊಸಾದು ಹುಡುಕೂದ ಬೀಳಲಿಲ್ಲವಾ. ಮೊದಲಿಂದ ಇತ್ತಲ್ಲ."

ಹಾಗಾದರೆ ಖಾತ್ರಿಯಾಯಿತು. ಉಮಾಶ್ರೀಗೆ ಹೇಳಬೇಕಾದ ಮಾತು ಸಿಕ್ಕಿತ್ತು. ಒಬ್ಬಳಲ್ಲ, ಇಬ್ಬರು. ದ್ರಾಕ್ಷಾಯಿಣಿ ಫೋನು ತೆಗೆದು ಅಲ್ಲಿಂದಲೇ ಮಗಳಿಗೆ ಹೇಳಿದಳು: "ನಿಮ್ಮ ಆಯಿಗೂ ಇತ್ತು, ಅಕಿ ಅವ್ವಗೂ ಇತ್ತು. ನಾಳೆ ರಜಾ ಹಾಕು." ಆ ಕಡೆಯಿಂದ ಆಯ್ತು ಅಂದದ್ದು ನನಗೂ ಕೇಳಿಸಿತು. ಬಂದ ಕೆಲಸ ಮುಗಿದಿತ್ತು. ನಾಲ್ಕೂವರೆಯ ಬಸ್ಸು ಸಿಗುತ್ತದೆ ಅಂತ ನಾನು ಎದ್ದೆ.

ಫಕೀರವ್ವ ಏಳಲಿಲ್ಲ. ದ್ರಾಕ್ಷಾಯಿಣಿಯ ಬಾತ ಕೈಯನ್ನೇ ನೋಡುತ್ತಿದ್ದಳು. "ಕೊಯ್ದಾಗ ಭಾಳ ಬ್ಯಾನಿ ಆಗತೈತೇನ?" ಅಂತ ಕೇಳಿದಳು.

ದ್ರಾಕ್ಷಾಯಿಣಿ ತಿರುಗಿ ಅವಳ ಎದುರು ಕೂತಳು. ಮುದುಕಿ ಸೆರಗು ಸರಿಸಿ ಕುಪ್ಪಸದ ಗುಂಡಿ ಬಿಚ್ಚಿದಳು. ಬಲಗಡೆ ಗಂಟು, ಹುಣಸೆ ಬೀಜದಷ್ಟಲ್ಲ, ಲಿಂಬೆಕಾಯಿಯಷ್ಟಿತ್ತು. ಮೇಲಿನ ಚರ್ಮ ಒಳಗೆ ಎಳೆದುಕೊಂಡಿತ್ತು.

"ಯಾವಾಗಿಂದ ಐತಿ?"

"ಎರಡು ವರ್ಷಾತು. ಮಗಗೂ ಹೇಳಿಲ್ಲ. ಸುಮಾಂದು ಒಂದು ಆಗಿಹೋಗಲಿ ಅಂತ. ನೀವೂ ಯಾರ ಮುಂದೂ ಅನಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ. ಸೋಮವಾರ ದಾಟಲಿ."

ನಾನು ನಿಜ ಹೇಳಿಬಿಡುತ್ತೇನೆ. ನನಗೂ ಹಾಗೇ ಅನಿಸಿತು. ಸೋಮವಾರ ದಾಟಲಿ, ಮದುವೆ ಆಗಲಿ, ಆಮೇಲೆ ನೋಡಿದರಾಯಿತು. ನಮ್ಮ ರಕ್ತದಲ್ಲಿ ರೋಗ ಇಲ್ಲದಿದ್ದರೂ ಈ ಮಾತು ಇದೆ.

ದ್ರಾಕ್ಷಾಯಿಣಿ ಬಹಳ ದಣಿದಿದ್ದಳು. ಬಲಗೈಯಿಂದ ತನ್ನ ಕುಪ್ಪಸದ ಹುಕ್ಕುಗಳನ್ನು ಒಂದೊಂದಾಗಿ ಬಿಚ್ಚಿದಳು. ಕಂಕುಳವರೆಗೆ ಹೋದ ಹೊಲಿಗೆಯ ಗೆರೆಯನ್ನು ಫಕೀರವ್ವ ಬೆರಳಿನಿಂದ ಮುಟ್ಟಿದಳು.

"ನಾನೂ ಓಣ್ಯಾಗ ಗರ್ಭಚೀಲ ಅಂತ ಹೇಳೇನಿ ಚಿಗವ್ವ. ಉಮಾನ ಮದಿವಿ ಸಲುವಾಗಿ" ಅಂದಳು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕರೆದಳು, "ಸುಮಾ, ಬಾ ಇಲ್ಲೆ."

"ಬ್ಯಾಡಬೇ" ಅಂತ ಫಕೀರವ್ವ ಸೆರಗು ಎಳೆದುಕೊಳ್ಳಲು ಹೋದಳು. ದ್ರಾಕ್ಷಾಯಿಣಿ ಆ ಕೈ ಹಿಡಿದುಕೊಂಡಳು.

ಹುಡುಗಿ ಚಹಾದ ತಾಟು ಹಿಡಿದೇ ಒಳಗೆ ಬಂದಳು. ಇಬ್ಬರನ್ನೂ ಹಾಗೆ ನೋಡಿ ನಾಚಿ ಗೋಡೆಯ ಕಡೆ ತಿರುಗಿದಳು.

"ಆ ಕಡೆ ನೋಡಬ್ಯಾಡ, ಈ ಕಡೆ ನೋಡು" ಅಂದಳು ದ್ರಾಕ್ಷಾಯಿಣಿ. "ನಾವು ನಿಮ್ಮ ಮನಿತನದವರವಾ."