ಹನಮವ್ವನ ಮಗಳು ಓದಿದ ಪೊರೆ

ಸಿಂದಗಿಯ ನಮ್ಮ ಕಾಲೇಜಿನಲ್ಲಿ ಯಶೋಧಾ ಜೀವಶಾಸ್ತ್ರ ಕಲಿಸುತ್ತಾಳೆ, ನಾನು ಕನ್ನಡ. ಇಬ್ಬರೂ ಆಲಮೇಲದವರು, ಹೋಗಿಬರುವುದು ಒಂದೇ ಬಸ್ಸಿನಲ್ಲಿ. ದಾರಿಯುದ್ದಕ್ಕೂ ಆಕೆಯದು ಒಂದೇ ಪುರಾಣ: ಪುಣೆಯ ಲ್ಯಾಬು.

ಅಲ್ಲಿ ಆಕೆ ಜೀವಕೋಶದ ಪೊರೆಯ ಬೆನ್ನು ಹತ್ತಿದ್ದಳು. ಅದನ್ನು ತಿಳಿಸಲು ಅವ್ವನ ಎಲೆಅಡಿಕೆ ಚಂಚಿಯನ್ನೇ ಕ್ಲಾಸಿಗೆ ತರುತ್ತಾಳೆ. ದಾರ ಜಗ್ಗಿದರೆ ಚಂಚಿಯ ಬಾಯಿ ಮುದುಡುತ್ತದಲ್ಲ, ಹಾಗೆ ಪೊರೆಯ ಒಳಮೈಗೆ ಹತ್ತಿದ ಸಣ್ಣ ಎಳೆಗಳು ಕೋಶವನ್ನು ಬಿಗಿಯುತ್ತವೆ. ಬಿಗಿಯಾಗು ಎಂಬ ಸುದ್ದಿ ಪೊರೆಯಿಂದಲೇ ಬರುತ್ತದೆ. ಸಾಕು, ಸಡಿಲಿಸು ಎಂಬುದೂ ಅಲ್ಲಿಂದಲೇ. ಆ 'ಸಾಕು' ಹೇಳುವವರು ಯಾರು? ಅದನ್ನು ಹುಡುಕುತ್ತಿದ್ದಾಗಲೇ ಅಪ್ಪ ತೀರಿಹೋದರು. ಅವ್ವ ಹನಮವ್ವನ ಜೊತೆಗಿರಲು ಊರಿಗೆ ಬಂದವಳು ಇಲ್ಲೇ ಉಳಿದಳು. ಮನಸ್ಸು ಮಾತ್ರ ಇನ್ನೂ ಆ ಸೂಕ್ಷ್ಮದರ್ಶಕದ ಮುಂದೆಯೇ ಕುಳಿತಿದೆ. ಈ ವರ್ಷ ಹಳೆಯ ಗುರುಗಳು ಮತ್ತೆ ಕರೆದರು. ಅವ್ವನಿಗೆ ಆಕೆ ಹೇಳಲೇ ಇಲ್ಲ.

"ಆಕಿಗೆ ಕಣ್ಣು ಕಾಣಂಗಿಲ್ರಿ ಸರ್, ಹೆಂಗ ಬಿಟ್ಟು ಹೋಗ್ಲಿ?" ಎಂದಳು.

ಹನಮವ್ವನಿಗೆ ಎರಡೂ ಕಣ್ಣಿಗೆ ಪೊರೆ. ಊರಿಗೇ ಕಣ್ಣಿನ ಶಿಬಿರ ಬಂದರೂ ಮುದುಕಿ ಜಪ್ಪಯ್ಯ ಅನ್ನಲಿಲ್ಲ. ಹಟಮಾರಿ ಎಂದು ನಾನೂ ಬೈದುಕೊಂಡಿದ್ದೆ. ಒಂದು ರವಿವಾರ ಅವರ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ಆಪರೇಶನ್ ಯಾಕೆ ಬೇಡ ಎಂದು ಕೇಳಿಯೇಬಿಟ್ಟೆ.

"ಯಾರ್ಯಾರದೋ ಕೈಯಾಗ ಕಣ್ಣ ಯಾಕ ಕೊಡ್ಲೋ ಯಪ್ಪಾ? ನನ್ನ ಮಗಳು ಪೊರಿ ಮ್ಯಾಲೇ ಓದ್ಯಾಳ. ಅರ್ಧಕ್ಕ ಬಿಟ್ಟು ಬಂದಾಳ, ಹೋಗಿ ಪೂರಾ ಮಾಡ್ಲಿ. ಆಕಿ ಕೈಲೇ ತೆಗಿಸ್ಕೋತೇನಿ."

ನನಗೆ ನಗು ಬಂತು. ಯಶೋಧಾಳ ಮುಖ ನೋಡಿ ನುಂಗಿಕೊಂಡೆ. ನಮ್ಮ ಕನ್ನಡವೂ ಭಲೇ ಜಿಪುಣ. ಕಣ್ಣಿಗೂ ಕೋಶಕ್ಕೂ ಒಂದೇ ಪೊರೆ ಕೊಟ್ಟು ಕೈ ತೊಳೆದುಕೊಂಡಿದೆ.

"ಯವ್ವಾ, ನಂದು ಕಣ್ಣಿನ ಪೊರಿ ಅಲ್ಲ," ಯಶೋಧಾ ಅವ್ವನ ಕೈ ಹಿಡಿದಳು. "ಮೈಯಾಗಿನ ಒಂದೊಂದು ಕಣಕ್ಕೂ ಇರೂ ಪೊರಿ. ಅದನ್ನ ತೆಗಿಯಾಕ ಬರಂಗಿಲ್ಲ. ತೆಗದ್ರ ಕಣಾನ ಸಾಯತೈತಿ."

ಇಷ್ಟು ದಿನ ಕತ್ತಲಲ್ಲಿ ಕಾದದ್ದು ಯಾತಕ್ಕೆ ಎಂದು ಮುದುಕಿಗೆ ಅನ್ನಿಸಿರಬೇಕು.

"ಹಂಗಾರ ಅದನ್ನ ಓದಿ ನನಗೇನೂ ಉಪಯೋಗಿಲ್ಲ?"

"ಇಲ್ಲವ್ವ."

"ಆದ್ರೂ ನಿನಗ ಹೋಗಬೇಕನಸ್ತೈತಿ?"

ಇಷ್ಟು ವರ್ಷ ಬಸ್ಸಿನಲ್ಲಿ ನನ್ನ ಕಿವಿ ತೂತು ಬೀಳುವಂತೆ ಹೇಳಿದ್ದನ್ನು ಅವ್ವನಿಗೆ ಹೇಳಲು ಒಂದೇ ಮಾತು ಸಾಕಾಯಿತು. "ಭಾಳ," ಎಂದವಳೇ ಅತ್ತುಬಿಟ್ಟಳು.

"ಹಂಗಾರ ನಾಳೆ ದವಾಖಾನಿಗೆ ನಡಿ," ಎಂದಳು ಹನಮವ್ವ. "ನೀ ಬಸ್ ಹತ್ತಿ ಹೋಗೂದನ್ನ ನಾ ಕಣ್ತುಂಬ ನೋಡಬೇಕು."